ಸೀಟ್ ಬೆಲ್ಟ್ ಮತ್ತು ಮಗುವಿನ ಸೀಟಿನ ರೀಕಾಲ್: ತುಮಕೂರಿನ ಕಾರು ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಬಿ.ಎಚ್. ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ, ಸರ್ವಿಸಿಗೆ ಬಂದ ಕಾರುಗಳ ಜಾಬ್ ಕಾರ್ಡ್, ಅಂದರೆ ಯಾವ ಕೆಲಸ ಮಾಡಬೇಕೆಂಬ ಚೀಟಿ, ಬರೆಯುವ ಕೌಂಟರಿನಲ್ಲಿ ನಾನು ಹಲವು ವರ್ಷ ಕುಳಿತಿದ್ದೆ. ರೀಕಾಲ್ ಸುದ್ದಿ ಪತ್ರಿಕೆಯಲ್ಲಿ ಬಂದ ಮರುದಿನದಿಂದಲೇ ಅಲ್ಲಿ ಪ್ರಶ್ನೆಗಳು ಶುರುವಾಗುತ್ತಿದ್ದವು. ಎಂಜಿನ್ನಿನ ರೀಕಾಲ್ ಆದರೆ ಜನ ಓಡಿಬರುತ್ತಿದ್ದರು, ಬೆಲ್ಟಿನದಾದರೆ ಮುಂದಿನ ಸರ್ವಿಸಿನಲ್ಲಿ ನೋಡೋಣ ಎನ್ನುತ್ತಿದ್ದರು. ಕೆಳಗಿನ ಉತ್ತರಗಳನ್ನು ಮುಖ್ಯವಾಗಿ ಆ ಎರಡನೆಯ ಗುಂಪಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ರೀಕಾಲ್ ಎಂದರೆ ಏನು? ನನ್ನ ಕಾರು ಚೆನ್ನಾಗಿಯೇ ಓಡುತ್ತಿದೆಯಲ್ಲ?

ಒಂದು ನಿರ್ದಿಷ್ಟ ಅವಧಿಯಲ್ಲಿ ತಯಾರಾದ ಕಾರುಗಳ ಯಾವುದೋ ಭಾಗದಲ್ಲಿ ದೋಷವಿರಬಹುದೆಂಬ ಅನುಮಾನ ಬಂದಾಗ, ತಯಾರಕರು ಅಷ್ಟೂ ಕಾರುಗಳನ್ನು ಕರೆಸಿ, ಪರೀಕ್ಷಿಸಿ, ಬೇಕಿದ್ದರೆ ಆ ಭಾಗವನ್ನು ಬದಲಿಸಿಕೊಡುವುದಕ್ಕೆ ರೀಕಾಲ್ ಎನ್ನುತ್ತಾರೆ. ಕಾರು ಚೆನ್ನಾಗಿ ಓಡುವುದಕ್ಕೂ ಬೆಲ್ಟು ಸರಿಯಿರುವುದಕ್ಕೂ ಸಂಬಂಧವಿಲ್ಲ. ಬ್ರೇಕ್ ಕೆಟ್ಟರೆ ಮುಂದಿನ ತಿರುವಿನಲ್ಲೇ ಗೊತ್ತಾಗುತ್ತದೆ, ಆದರೆ ಬೆಲ್ಟಿನ ದೋಷ ಅಪಘಾತವಾಗುವ ಆ ಒಂದು ಕ್ಷಣದವರೆಗೂ ಸುಮ್ಮನಿರುತ್ತದೆ.

ಎರಡು ಉದಾಹರಣೆ ಕೊಡುತ್ತೇನೆ. 2022ರ ಡಿಸೆಂಬರಿನಲ್ಲಿ ಮಾರುತಿ ಸುಜುಕಿ ಕಂಪನಿಯು ಸಿಯಾಜ್, ಬ್ರೆಝಾ, ಎರ್ಟಿಗಾ, ಎಕ್ಸ್‌ಎಲ್6 ಮತ್ತು ಗ್ರ್ಯಾಂಡ್ ವಿಟಾರಾ ಮಾದರಿಗಳ 9,125 ಕಾರುಗಳನ್ನು ಹಿಂದಕ್ಕೆ ಕರೆಸಿತು. ಮುಂದಿನ ಸೀಟಿನವರ ಭುಜದ ಎತ್ತರಕ್ಕೆ ಬೆಲ್ಟನ್ನು ಮೇಲೆ ಕೆಳಗೆ ಸರಿಸುವ ಜೋಡಣೆಯೊಳಗಿನ ಒಂದು ಚಿಕ್ಕ ಭಾಗದ ಬಗ್ಗೆ ಅನುಮಾನವಿತ್ತು, ಮತ್ತು ಅಪರೂಪಕ್ಕೆ ಬೆಲ್ಟು ಕಳಚಿಕೊಳ್ಳಬಹುದೆಂದು ಕಂಪನಿಯೇ ಹೇಳಿತು. ಮರು ತಿಂಗಳು, 2023ರ ಜನವರಿಯಲ್ಲಿ, 11,177 ಗ್ರ್ಯಾಂಡ್ ವಿಟಾರಾ ಕಾರುಗಳನ್ನು ಹಿಂದಿನ ಸೀಟಿನ ಬೆಲ್ಟನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ಬ್ರ್ಯಾಕೆಟ್ ಸಡಿಲಗೊಳ್ಳಬಹುದೆಂದು ಕರೆಸಲಾಯಿತು. ಅದರ ಜೊತೆಗಾರ ಮಾದರಿಯಾದ ಟೊಯೋಟಾ ಹೈರೈಡರ್‌ನ 4,026 ಕಾರುಗಳಿಗೂ ಅದೇ ಕಾರಣಕ್ಕೆ ರೀಕಾಲ್ ಆಯಿತು. ಈ ಎರಡು ಮಾದರಿಗಳೂ ತಯಾರಾಗುವುದು ನಮ್ಮದೇ ರಾಜ್ಯದ ಬಿಡದಿಯಲ್ಲಿ. ಮೊದಲನೆಯ ರೀಕಾಲಿಗೆ ಒಳಪಟ್ಟವು 2022ರ ನವೆಂಬರ್ 2ರಿಂದ 28ರೊಳಗೆ ತಯಾರಾದ ಕಾರುಗಳು ಮಾತ್ರ. ಆದ್ದರಿಂದ ಪಕ್ಕದ ಮನೆಯವರ ಅದೇ ಮಾದರಿಯ ಕಾರಿಗೆ ಕರೆ ಬಂದು ನಿಮಗೆ ಬರದೇ ಇರಬಹುದು, ಅದರಲ್ಲಿ ಅನ್ಯಾಯವೇನೂ ಇಲ್ಲ.

ಒಂದು ಸಣ್ಣ ಬ್ರ್ಯಾಕೆಟ್ಟಿಗೆ ಇಷ್ಟು ಗಲಾಟೆ ಏಕೆ?

1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ, ಮೂರು ಕಡೆ ಹಿಡಿಯುವ ಬೆಲ್ಟೇ ಇಂದಿಗೂ ನಮ್ಮ ಕಾರುಗಳಲ್ಲಿರುವುದು. ಭುಜದ ಮೇಲೊಂದು, ಸೊಂಟದ ಎರಡು ಪಕ್ಕಕ್ಕೆ ಒಂದೊಂದು ಹಿಡಿತ. ಈ ಮೂರರಲ್ಲಿ ಒಂದು ಬಿಟ್ಟುಕೊಂಡರೆ ಉಳಿದೆರಡು ಎಷ್ಟೇ ಗಟ್ಟಿಯಿದ್ದರೂ ಪಟ್ಟಿ ಸಡಿಲವಾಗಿ, ಮನುಷ್ಯ ಅದರಡಿಯಿಂದ ಜಾರುತ್ತಾನೆ ಅಥವಾ ಅದರಿಂದಾಚೆಗೆ ಎಸೆಯಲ್ಪಡುತ್ತಾನೆ. ಬೆಲ್ಟು ಎಂದರೆ ಬಟ್ಟೆಯ ಪಟ್ಟಿ ಮಾತ್ರವಲ್ಲ. ಪಟ್ಟಿ, ಅದನ್ನು ಸುತ್ತಿಕೊಳ್ಳುವ ಸುರುಳಿ, ಬಕಲ್, ಬೋಲ್ಟು, ಬ್ರ್ಯಾಕೆಟ್ ಎಲ್ಲ ಸೇರಿ ಒಂದು ಸರಪಳಿ. ಹೊಸ ಕಾರುಗಳಲ್ಲಿ ಇದಕ್ಕೆ ಪ್ರಿಟೆನ್ಷನರ್ ಕೂಡ ಸೇರಿದೆ. ಡಿಕ್ಕಿಯಾದ ಕ್ಷಣದಲ್ಲಿ ಒಂದು ಚಿಟಿಕೆ ಸಿಡಿಮದ್ದು ಉರಿದು, ಸಡಿಲವಿದ್ದ ಪಟ್ಟಿಯನ್ನು ಎದೆಗೆ ಎಳೆದು ಬಿಗಿಯುವ ವ್ಯವಸ್ಥೆ ಅದು. 2023ರ ಜನವರಿಯಲ್ಲೇ ಮಾರುತಿ ಸುಜುಕಿ ಇನ್ನೂ 17,362 ಕಾರುಗಳನ್ನು ಕರೆಸಿದ್ದು ಏರ್‌ಬ್ಯಾಗನ್ನೂ ಈ ಪ್ರಿಟೆನ್ಷನರನ್ನೂ ಚಾಲೂ ಮಾಡುವ ಕಂಟ್ರೋಲರಿನ ಅನುಮಾನದಿಂದ.

ದೋಷ ಎಷ್ಟು ಕ್ಷುಲ್ಲಕವಾಗಿ ಕಾಣಬಹುದೆಂಬುದಕ್ಕೆ 1995ರ ಅಮೆರಿಕದ ಪ್ರಕರಣ ಒಳ್ಳೆಯ ನಿದರ್ಶನ. ಟಕಾಟಾ ಕಂಪನಿಯ ಬೆಲ್ಟುಗಳಿದ್ದ 80 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಆಗ ಹಿಂದಕ್ಕೆ ಕರೆಸಿದ್ದು ಬಕಲಿನ ಕೆಂಪು ಪ್ಲಾಸ್ಟಿಕ್ ಗುಂಡಿಯ ಸಲುವಾಗಿ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಒಡೆದು, ಚೂರುಗಳು ಬಕಲಿನೊಳಗೆ ಬಿದ್ದು, ಬೆಲ್ಟು ಸರಿಯಾಗಿ ಸಿಕ್ಕಿಕೊಳ್ಳುತ್ತಿರಲಿಲ್ಲ. ಪಾವಗಡದ ಬಿಸಿಲಿನಲ್ಲಿ ದಿನವಿಡೀ ನಿಲ್ಲುವ ಕಾರಿನ ಬಕಲನ್ನು ಒಮ್ಮೆ ಬಗ್ಗಿ ನೋಡಿದರೆ ನಷ್ಟವಿಲ್ಲ.

ಬೆಲ್ಟಿನ ರೀಕಾಲಿಗೂ ನನ್ನ ಮಗುವಿನ ಸೀಟಿಗೂ ಏನು ಸಂಬಂಧ?

ಇದು ಜನ ಕಡಿಮೆ ಕೇಳುವ, ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಮಗುವಿನ ಸೀಟನ್ನು ಕಾರಿಗೆ ಕೂರಿಸುವ ಕ್ರಮ ಎರಡು. ಒಂದು, ಕಾರಿನ ಬೆಲ್ಟನ್ನೇ ಆ ಸೀಟಿನ ಹಾದಿಯಲ್ಲಿ ತೂರಿಸಿ ಬಕಲಿಗೆ ಹಾಕಿ ಬಿಗಿಯುವುದು. ಇನ್ನೊಂದು ಐಸೋಫಿಕ್ಸ್, ಅಂದರೆ ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ 280 ಮಿಲಿಮೀಟರ್ ಅಂತರದಲ್ಲಿರುವ ಎರಡು ಉಕ್ಕಿನ ಕಂಬಿಗಳಿಗೆ ಸೀಟಿನ ಕೊಕ್ಕೆಗಳನ್ನು ಸಿಕ್ಕಿಸುವುದು. ಮೊದಲನೆಯ ಕ್ರಮದಲ್ಲಿ ಮಗುವಿನ ಸೀಟು ಸಂಪೂರ್ಣವಾಗಿ ಕಾರಿನ ಬೆಲ್ಟಿಗೇ ನೇತುಬಿದ್ದಿರುತ್ತದೆ. ಹಿಂದಿನ ಬೆಲ್ಟಿನ ಬ್ರ್ಯಾಕೆಟ್ ಸಡಿಲವಿದ್ದರೆ, ನೀವು ಸಾವಿರಾರು ರೂಪಾಯಿ ಕೊಟ್ಟು ತಂದ ಸೀಟು ಮಗುವಿನ ಸಮೇತ ಮುಂದಕ್ಕೆ ಬರುತ್ತದೆ. ಐಸೋಫಿಕ್ಸ್ ಇದ್ದವರೂ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟಿನಲ್ಲಿ ಕೊಕ್ಕೆ ಹಿಡಿಯುವುದು ಸೀಟನ್ನು ಮಾತ್ರ, ಮಗುವನ್ನು ಹಿಡಿಯುವುದು ಕಾರಿನ ಬೆಲ್ಟೇ.

ಆದ್ದರಿಂದ ನೋಟಿಸಿನಲ್ಲಿ ಹಿಂದಿನ ಸೀಟ್ ಬೆಲ್ಟ್ ಎಂಬ ಮಾತು ಕಂಡರೆ, ಮಗುವಿನ ಸೀಟಿನ ಹೆಸರು ಅದರಲ್ಲಿ ಇಲ್ಲದಿದ್ದರೂ, ಅದನ್ನು ಮಗುವಿನ ಸೀಟಿನ ರೀಕಾಲ್ ಎಂದೇ ಓದಿಕೊಳ್ಳಿ.

ನನ್ನ ಕಾರು ಪಟ್ಟಿಯಲ್ಲಿದೆಯೇ ಎಂದು ತಿಳಿಯುವುದು ಹೇಗೆ?

ನೋಂದಣಿ ಸಂಖ್ಯೆಯಿಂದಲ್ಲ, ಛಾಸಿಸ್ ನಂಬರಿನಿಂದ. ಕೆಎ-06, ಕೆಎ-44 ಅಥವಾ ಕೆಎ-64 ಎಂದು ಶುರುವಾಗುವ ನಿಮ್ಮ ಬೋರ್ಡಿನ ಸಂಖ್ಯೆ ತುಮಕೂರು, ತಿಪಟೂರು, ಮಧುಗಿರಿಯ ಆರ್‌ಟಿಒ ಕೊಟ್ಟದ್ದು. ತಯಾರಕರು ಕಾರನ್ನು ಗುರುತಿಸುವುದು ತಾವೇ ಕೊರೆದ 17 ಅಕ್ಷರ ಮತ್ತು ಅಂಕಿಗಳ ಸಂಖ್ಯೆಯಿಂದ. ಅದು ಆರ್‌ಸಿಯಲ್ಲಿ, ವಿಮೆಯ ಪಾಲಿಸಿಯಲ್ಲಿ ಮತ್ತು ಕಾರಿನ ಮೇಲೆ ಅಂಟಿಸಿದ ಫಲಕದಲ್ಲಿ ಇರುತ್ತದೆ. ಕಂಪನಿಯ ಜಾಲತಾಣದಲ್ಲಿ ರೀಕಾಲ್ ಅಥವಾ ಸರ್ವಿಸ್ ಕ್ಯಾಂಪೇನ್ ಎಂಬ ಪುಟಕ್ಕೆ ಹೋಗಿ ಅದನ್ನು ನಮೂದಿಸಿದರೆ ಉತ್ತರ ಸಿಗುತ್ತದೆ. ಈ ಸಂಖ್ಯೆಯಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಓ ಎಂದು ನಿಮಗೆ ಕಂಡದ್ದು ಸೊನ್ನೆ, ಐ ಎಂದು ಕಂಡದ್ದು ಒಂದು. ನಿಮ್ಮ ಕಾರು ಪಟ್ಟಿಯಲ್ಲಿಲ್ಲ ಎಂಬ ಉತ್ತರ ಪಡೆದು ನಿರಾಳವಾಗಿ ಹೋದವರಲ್ಲಿ ಕೆಲವರು ತಪ್ಪಾಗಿ ಟೈಪ್ ಮಾಡಿದ್ದನ್ನು ನಾನೇ ಕಂಡಿದ್ದೇನೆ.

ನನಗೆ ಪತ್ರವೂ ಬಂದಿಲ್ಲ, ಫೋನೂ ಬಂದಿಲ್ಲ. ಕಾರು ಸೆಕೆಂಡ್ ಹ್ಯಾಂಡ್.

ಬಂದಿರುತ್ತದೆ, ಹಳೆಯ ಮಾಲೀಕರಿಗೆ. ಕಂಪನಿಯ ಬಳಿ ಇರುವುದು ಕಾರು ಮಾರಿದ ದಿನ ಬರೆದುಕೊಂಡ ಮೊಬೈಲ್ ಸಂಖ್ಯೆ ಮತ್ತು ವಿಳಾಸ. ಫಾರಂ 29 ಮತ್ತು 30 ತುಂಬಿ ಆರ್‌ಸಿಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಂಡ ಮಾತ್ರಕ್ಕೆ ಅದು ಬದಲಾಗುತ್ತದೆಂದು ನಂಬಬೇಡಿ. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಒಮ್ಮೆ ನಿಮ್ಮ ಹೆಸರು, ಮೊಬೈಲ್ ಸಂಖ್ಯೆ ಬರೆಸಿ. ಎರಡನೆಯ ಕೈಯ ಕಾರು ಕೊಳ್ಳುವ ಮುನ್ನವೇ ಛಾಸಿಸ್ ನಂಬರನ್ನು ಪರಿಶೀಲಿಸುವುದು ಇನ್ನೂ ಒಳ್ಳೆಯದು. ರೀಕಾಲ್ ಬಾಕಿಯಿದ್ದರೆ ಕೊಳ್ಳಬಾರದೆಂದೇನಿಲ್ಲ, ಮಾಡಿಸಿ ಕೊಡಿ ಎಂದು ಮಾರುವವರಿಗೇ ಹೇಳಬಹುದು.

ದುಡ್ಡು ಕೊಡಬೇಕೇ? ವಾರಂಟಿ ಮುಗಿದಿದೆ.

ರೀಕಾಲಿನ ಪರೀಕ್ಷೆ, ಬಿಡಿಭಾಗ, ಕೂಲಿ ಮೂರಕ್ಕೂ ಹಣವಿಲ್ಲ, ವಾರಂಟಿಯ ಮಾತೇ ಇದರಲ್ಲಿ ಬರುವುದಿಲ್ಲ. ಆದರೆ ಒಂದು ಎಚ್ಚರಿಕೆ. ನಮ್ಮ ಸೋದರಮಾವ ತಮ್ಮ ಕಾರನ್ನು ಬೇರೊಂದು ಊರಿನ ಸರ್ವಿಸ್ ಸೆಂಟರಿಗೆ ರೀಕಾಲ್ ಕೆಲಸಕ್ಕೆಂದು ಬಿಟ್ಟಾಗ, ಸಂಜೆ ಅವರ ಕೈಗೆ ವೀಲ್ ಅಲೈನ್‌ಮೆಂಟ್, ಎಸಿ ಶುದ್ಧೀಕರಣ, ವಾಷಿಂಗ್ ಎಂದು ಸಾವಿರಗಟ್ಟಲೆ ಬಿಲ್ ಬಂದಿತ್ತು. ಬಿಲ್ಲಿನಲ್ಲಿ ರೀಕಾಲ್ ಕೆಲಸಕ್ಕೆ ಸೊನ್ನೆಯೇ ಇತ್ತು ನಿಜ, ಆದರೆ ಉಳಿದ ಯಾವುದನ್ನೂ ಅವರು ಕೇಳಿರಲಿಲ್ಲ. ಕಾರು ಬಿಡುವಾಗಲೇ ಜಾಬ್ ಕಾರ್ಡಿನಲ್ಲಿ ರೀಕಾಲ್ ಕೆಲಸ ಮಾತ್ರ ಎಂದು ಬರೆಸಿ, ಆಮೇಲೆ ಸಹಿ ಮಾಡಿ.

ನಮ್ಮ ಪರಿಚಯದ ಮೆಕ್ಯಾನಿಕ್ ಕೈಯಲ್ಲಿ ಮಾಡಿಸಬಹುದೇ?

ಶಿರಾ ಗೇಟಿನ ಗ್ಯಾರೇಜುಗಳಲ್ಲಿ ನನಗಿಂತ ಚೆನ್ನಾಗಿ ಕಾರು ಬಲ್ಲವರಿದ್ದಾರೆ, ಆದರೂ ಈ ಕೆಲಸ ಅವರದಲ್ಲ. ಬದಲಿಸಬೇಕಾದ ಭಾಗ ಕಂಪನಿಯಿಂದ ಛಾಸಿಸ್ ನಂಬರಿನ ಲೆಕ್ಕದಲ್ಲಿ ಬರುತ್ತದೆ, ಬೆಲ್ಟಿನ ಬೋಲ್ಟನ್ನು ನಿಗದಿತ ಬಿಗಿಗೆ ಟಾರ್ಕ್ ರೆಂಚಿನಿಂದ ತಿರುಗಿಸಬೇಕು, ಮತ್ತು ಪ್ರಿಟೆನ್ಷನರಿನೊಳಗೆ ಸಿಡಿಯುವ ವಸ್ತುವಿದೆ. ಅದಲ್ಲದೆ ಅಧಿಕೃತ ಕಡೆ ಮಾಡಿಸದಿದ್ದರೆ ಕಂಪನಿಯ ದಾಖಲೆಯಲ್ಲಿ ನಿಮ್ಮ ಕಾರಿನ ಮುಂದೆ ಬಾಕಿ ಎಂದೇ ಉಳಿಯುತ್ತದೆ.

ಭಾಗ ಬರುವುದು ತಡವೆನ್ನುತ್ತಾರೆ. ಅಲ್ಲಿಯವರೆಗೆ ಕಾರು ಓಡಿಸಬಹುದೇ?

ನೋಟಿಸಿನಲ್ಲಿ ಓಡಿಸಬೇಡಿ ಎಂದಿದ್ದರೆ ಓಡಿಸಬಾರದು, ಅಷ್ಟೇ. ಹಾಗೆ ಹೇಳಿರದಿದ್ದರೆ, ಅನುಮಾನವಿರುವ ಬೆಲ್ಟಿನ ಜಾಗದಲ್ಲಿ ಯಾರನ್ನೂ ಕೂರಿಸದೆ ಓಡಿಸಬಹುದು. ಈ ಉಪಾಯ ನಾನು ಹೊಸೆದದ್ದಲ್ಲ. 2018ರಲ್ಲಿ ಯೂರೋಪಿನಲ್ಲಿ ಹೊಸ ಫೋಕ್ಸ್‌ವ್ಯಾಗನ್ ಪೋಲೊ, ಸಿಯಾಟ್ ಇಬಿಜಾ ಮತ್ತು ಅರೋನಾ ಕಾರುಗಳನ್ನು ಫಿನ್ಲೆಂಡಿನ ಒಂದು ವಾಹನ ಪತ್ರಿಕೆಯವರು ಪರೀಕ್ಷಿಸುವಾಗ, ಹಿಂದೆ ಮೂವರು ಕುಳಿತು ವೇಗದಲ್ಲಿ ಸರಕ್ಕನೆ ಪಥ ಬದಲಿಸಿದರೆ ಎಡಬದಿಯ ಬೆಲ್ಟು ತಾನಾಗಿ ಬಿಚ್ಚಿಕೊಳ್ಳುವುದು ಕಂಡುಬಂತು. ನಡುವಿನ ಸೀಟಿನ ಬಕಲ್ ಪಕ್ಕದ ಬಕಲಿನ ಗುಂಡಿಯನ್ನು ಒತ್ತುತ್ತಿತ್ತು. ದುರಸ್ತಿಯಾಗುವವರೆಗೆ ಹಿಂದಿನ ನಡುವಿನ ಸೀಟನ್ನು ಬಳಸಬೇಡಿ ಎಂದು ಕಂಪನಿ ಮಾಲೀಕರಿಗೆ ತಿಳಿಸಿತು.

ನಿಮ್ಮ ಕಾರಿನಲ್ಲಿ ಹಿಂದಿನ ಬೆಲ್ಟುಗಳೆಲ್ಲವೂ ಅನುಮಾನದಲ್ಲಿದ್ದು ಮನೆಯಲ್ಲಿ ಚಿಕ್ಕ ಮಗುವಿದ್ದರೆ, ಗೊರವನಹಳ್ಳಿಯ ಹರಕೆಯನ್ನು ಎರಡು ವಾರ ಮುಂದೂಡುವುದು ಅಥವಾ ಬಸ್ಸಿನಲ್ಲಿ ಹೋಗಿಬರುವುದು ಲೇಸು. ಹಿಂದಿನ ಬೆಲ್ಟು ಕೆಟ್ಟಿದೆಯೆಂದು ಹಿಮ್ಮುಖವಾಗಿ ಕೂರುವ ಶಿಶುವಿನ ಸೀಟನ್ನು ಮುಂದಿನ ಸೀಟಿಗೆ ತರುವುದಂತೂ ಕೂಡದು. ಅಲ್ಲಿ ಏರ್‌ಬ್ಯಾಗ್ ಚಾಲೂ ಇದ್ದರೆ, ಅದು ಸಿಡಿದು ಬಂದು ಬಡಿಯುವುದು ನೇರವಾಗಿ ಮಗುವಿನ ತಲೆಯ ಹಿಂದಿರುವ ಆ ಸೀಟಿನ ಬೆನ್ನಿಗೆ.

ಮಗುವಿನ ಸೀಟಿಗೇ ರೀಕಾಲ್ ಬರುವುದುಂಟೇ?

ಉಂಟು. 2014ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಗ್ರಾಕೊ ಕಂಪನಿಯ 37 ಲಕ್ಷಕ್ಕೂ ಹೆಚ್ಚು ಸೀಟುಗಳ ಬಕಲುಗಳಿಗೆ ರೀಕಾಲ್ ಆಯಿತು, ಅದೇ ಜುಲೈನಲ್ಲಿ ಸುಮಾರು 19 ಲಕ್ಷ ಶಿಶುವಿನ ಸೀಟುಗಳೂ ಸೇರಿದವು. ಅಲ್ಲಿ ದೋಷ ಬಿಚ್ಚಿಕೊಳ್ಳುವುದಾಗಿರಲಿಲ್ಲ, ಬಿಚ್ಚದೇ ಇರುವುದಾಗಿತ್ತು. ಮಕ್ಕಳು ತಿಂದು ಚೆಲ್ಲಿದ ತಿಂಡಿ, ಚೆಲ್ಲಿದ ಪಾನೀಯ ಬಕಲಿನೊಳಗೆ ಸೇರಿ ಗಟ್ಟಿಯಾಗಿ, ಗುಂಡಿ ಒತ್ತಿದರೂ ಬಕಲ್ ತೆರೆಯುತ್ತಿರಲಿಲ್ಲ. ಅಪಘಾತವಾದಾಗಲೋ ಕಾರಿಗೆ ಬೆಂಕಿ ತಗುಲಿದಾಗಲೋ ಮಗುವನ್ನು ಹೊರಗೆ ತೆಗೆಯಲಾಗದಿದ್ದರೆ ಏನು ಗತಿ ಎಂಬುದೇ ಪ್ರಶ್ನೆ.

ಇದು ಅಮೆರಿಕದ ಮಾತೆಂದು ತಳ್ಳಿಹಾಕಬೇಕಿಲ್ಲ. ಕೌಂಟರಿಗೆ ಬಂದ ಒಂದು ಸೀಟಿನ ಬಕಲನ್ನು ನಾವು ಬೋರಲು ಹಾಕಿ ತಟ್ಟಿದಾಗ ಮೊದಲು ಬಿದ್ದದ್ದು ಬಿಸ್ಕತ್ತಿನ ಪುಡಿ, ಆಮೇಲೆ ಒಂದು ಕಡಲೆಪುರಿ, ಕೊನೆಗೆ ಒಣಗಿ ಕಂದು ಹಪ್ಪಳದಂತಾಗಿದ್ದ ರಾಗಿಸರಿ. ಮಗುವಿನ ತಾಯಿ ಎರಡೂ ಹೆಬ್ಬೆರಳು ಸೇರಿಸಿ ಒತ್ತಿದರೆ ಮಾತ್ರ ಅದು ತೆರೆಯುತ್ತಿತ್ತು. ಕೈಪಿಡಿಯಲ್ಲಿ ಅನುಮತಿಸಿದ್ದರೆ ಬಕಲನ್ನು ಬೆಚ್ಚಗಿನ ನೀರಿನಲ್ಲಿ ಅಲ್ಲಾಡಿಸಿ ಒಣಗಿಸಬಹುದು. ಕೊಬ್ಬರಿ ಎಣ್ಣೆ, ಗ್ರೀಸ್ ಹಾಕುವ ನಮ್ಮ ಅಭ್ಯಾಸ ಇಲ್ಲಿ ಸಲ್ಲದು, ಏಕೆಂದರೆ ಅದು ಇನ್ನಷ್ಟು ಧೂಳನ್ನು ಹಿಡಿಯುತ್ತದೆ.

ಮಗುವಿನ ಸೀಟಿನ ರೀಕಾಲ್ ತಿಳಿಯಬೇಕಾದರೆ ಸೀಟಿನ ಅಡಿಯಲ್ಲೋ ಬೆನ್ನಿನಲ್ಲೋ ಅಂಟಿಸಿದ ಚೀಟಿಯಲ್ಲಿನ ಮಾದರಿ ಸಂಖ್ಯೆ ಮತ್ತು ತಯಾರಾದ ದಿನಾಂಕ ಬೇಕು. ಆ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಅಮೆರಿಕದಲ್ಲಿರುವ ಮಗಳೋ ತಮ್ಮನೋ ತಂದುಕೊಟ್ಟ ಸೀಟಾದರೆ, ರೀಕಾಲ್ ಸೂಚನೆ ಹೊರಡುವುದು ಆ ದೇಶದಲ್ಲಿ, ತುಮಕೂರಿನ ನಿಮ್ಮ ಮನೆಗೆ ಯಾರೂ ಫೋನ್ ಮಾಡುವುದಿಲ್ಲ. ಕಂಪನಿಯ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲೇ ನೋಂದಾಯಿಸಿಕೊಳ್ಳಿ.

ಅಜ್ಜಿಯ ತೊಡೆಯ ಮೇಲೆ ಮಗು ಇದ್ದರೆ ಸಾಲದೇ?

"ಕೂಸನ್ನ ಹಂಗೆ ಕಟ್ಟಾಕ್ತಾರೇನಪ್ಪಾ?" ಎಂದು ಕೇಳಿದ ಅಜ್ಜಿಯರಿಗೆ ಉತ್ತರ ಹೇಳುವುದು ಕಷ್ಟ, ಆದರೆ ಲೆಕ್ಕ ಸುಲಭ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಡಿಕ್ಕಿ ಹೊಡೆದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ನಿಂತರೆ, ಒಳಗಿರುವವರ ಮೇಲೆ ಅವರ ತೂಕದ ಸುಮಾರು 28 ಪಟ್ಟು ಬಲ ಬೀಳುತ್ತದೆ. 10 ಕೆ.ಜಿ. ಮಗುವನ್ನು ಆ ಕ್ಷಣ ಹಿಡಿದುಕೊಳ್ಳಲು 280 ಕೆ.ಜಿ. ಎತ್ತುವ ಶಕ್ತಿ ಬೇಕು, ಅಂದರೆ 50 ಕೆ.ಜಿ.ಯ ಐದೂವರೆ ಚೀಲ ರಾಗಿ. ಕ್ಯಾತಸಂದ್ರ ದಾಟಿದ ಮೇಲೆ ಹೆದ್ದಾರಿಯಲ್ಲಿ ಯಾರೂ 50ರಲ್ಲಿ ಹೋಗುವುದಿಲ್ಲ ಎಂಬುದನ್ನೂ ನೆನಪಿಡಿ. ದೊಡ್ಡವರ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿ ಕಟ್ಟಿಕೊಳ್ಳುವುದು ಇನ್ನೂ ಕೆಟ್ಟದ್ದು, ಅಜ್ಜಿಯ ಭಾರವೆಲ್ಲ ಮಗುವಿನ ಮೇಲೇ ಬೀಳುತ್ತದೆ.

ಕಾನೂನು ಏನು ಹೇಳುತ್ತದೆ?

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ, ಬೆಲ್ಟ್ ಹಾಕದೆ ಓಡಿಸಿದರೆ ಅಥವಾ ಬೆಲ್ಟ್ ಹಾಕದ ಪ್ರಯಾಣಿಕರನ್ನು ಕರೆದೊಯ್ದರೆ 1,000 ರೂಪಾಯಿ ದಂಡ. 14 ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಲೋ ಮಗುವಿನ ಸೀಟಿನಿಂದಲೋ ಭದ್ರಪಡಿಸದಿದ್ದರೂ ಅಷ್ಟೇ ದಂಡ. ಹಿಂದಿನ ಸೀಟಿಗೆ ವಿನಾಯಿತಿಯಿಲ್ಲ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತದ ನಂತರ ಈ ಮಾತು ಒಂದಷ್ಟು ಕಾಲ ಎಲ್ಲರ ಬಾಯಲ್ಲಿತ್ತು, ಆಮೇಲೆ ಮರೆತುಹೋಯಿತು.

ಅಲಾರಂ ನಿಲ್ಲಿಸುವ ಕ್ಲಿಪ್, ಗುಜರಿಯ ಬೆಲ್ಟ್, ಟೈಲರ್ ಹೊಲಿಗೆ ನಡೆಯುತ್ತವೆಯೇ?

ಮೂರೂ ನಡೆಯುವುದಿಲ್ಲ. ಕ್ಲಿಪ್ಪುಗಳ ಮಾರಾಟದ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರಲ್ಲಿ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶ ಕೊಟ್ಟು, 13,118 ಮಾರಾಟದ ಪುಟಗಳನ್ನು ತೆಗೆಸಿತು. ಗುಜರಿಯ ಬೆಲ್ಟು ಯಾವುದೋ ಅಪಘಾತದಲ್ಲಿ ಒಮ್ಮೆ ಎಳೆತ ತಿಂದಿರಬಹುದು, ಅದರ ಪ್ರಿಟೆನ್ಷನರ್ ಉರಿದು ಖಾಲಿಯಾಗಿರಬಹುದು, ಹೊರನೋಟಕ್ಕೆ ತಿಳಿಯುವುದಿಲ್ಲ.

ರೀಕಾಲ್ ಇಲ್ಲ, ಆದರೆ ನನ್ನ ಬೆಲ್ಟಿನಲ್ಲಿ ದೋಷವಿದೆ. ಯಾರಿಗೆ ಹೇಳಲಿ?

ಮೊದಲು ಸರ್ವಿಸ್ ಸೆಂಟರಿಗೆ, ಬಾಯಿಮಾತಿನಲ್ಲಲ್ಲ, ಜಾಬ್ ಕಾರ್ಡಿನಲ್ಲಿ ಬರೆಸಿ. ನಂತರ ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಪೋರ್ಟಲಿನಲ್ಲಿ ಮಾಲೀಕರೇ ದೂರು ದಾಖಲಿಸಬಹುದು. ಒಂದೇ ಮಾದರಿಯ ಬಗ್ಗೆ ನಿಗದಿತ ಸಂಖ್ಯೆಯ ದೂರುಗಳು ಸೇರಿದರೆ ವಿಚಾರಣೆಯಾಗಿ, ಕಾಯ್ದೆಯ 110ಎ ಕಲಮಿನ ಅಡಿಯಲ್ಲಿ ಸರ್ಕಾರವೇ ರೀಕಾಲಿಗೆ ಆದೇಶಿಸಬಹುದು. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ನಿಯಮ 7 ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತದೆ, ಮತ್ತು ಕಂಪನಿಗೆ ವಾಹನದ ಬಗೆ ಹಾಗೂ ಸಂಖ್ಯೆಗೆ ತಕ್ಕಂತೆ 10 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ ದಂಡವಿದೆ. ನಿಮ್ಮೊಬ್ಬರ ದೂರಿನಿಂದ ಏನಾಗುತ್ತದೆ ಎಂದು ಸುಮ್ಮನಾದರೆ ಆ ಸಂಖ್ಯೆ ಎಂದೂ ತುಂಬುವುದಿಲ್ಲ. ಹಣ ವಸೂಲು ಮಾಡಿದರೆ ಅಥವಾ ಕೆಲಸ ಮಾಡಿಕೊಡದೆ ಅಲೆಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದೂ ಫಲಿಸದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು.

ಕೆಲಸ ಮುಗಿಯಿತು ಎಂದರು. ಕಾರು ತೆಗೆದುಕೊಳ್ಳುವ ಮುನ್ನ ಏನು ನೋಡಬೇಕು?

ಜಾಬ್ ಕಾರ್ಡಿನಲ್ಲಿ ಪರೀಕ್ಷಿಸಲಾಗಿದೆ ಎಂದಿದೆಯೋ ಬದಲಿಸಲಾಗಿದೆ ಎಂದಿದೆಯೋ ನೋಡಿ, ಎರಡೂ ಬೇರೆ ಬೇರೆ. ಅಲ್ಲಿಯೇ ಕುಳಿತು ಪ್ರತಿ ಬೆಲ್ಟನ್ನೂ ಸರಕ್ಕನೆ ಎಳೆಯಿರಿ, ಅದು ತಟ್ಟನೆ ಹಿಡಿದು ನಿಲ್ಲಬೇಕು. ನಿಧಾನವಾಗಿ ಬಿಟ್ಟರೆ ತಾನಾಗಿ ಪೂರ್ತಿ ಒಳಗೆ ಸುತ್ತಿಕೊಳ್ಳಬೇಕು. ಬಕಲಿಗೆ ಹಾಕಿದಾಗ ಟಕ್ ಎಂಬ ಸದ್ದು ಕೇಳಬೇಕು. ಕೆಲಸಕ್ಕಾಗಿ ಹಿಂದಿನ ಸೀಟನ್ನು ಬಿಚ್ಚಿದ್ದರೆ ಬಕಲುಗಳು ಸೀಟಿನಡಿ ಸಿಕ್ಕಿಕೊಂಡಿಲ್ಲವಷ್ಟೇ ಎಂದು ಕೈ ಹಾಕಿ ನೋಡಿ, ಹುಡುಗರು ಅವಸರದಲ್ಲಿ ಮರೆಯುವುದು ಇದನ್ನೇ. ಮಗುವಿನ ಸೀಟನ್ನು ಅವರು ತೆಗೆದು ಡಿಕ್ಕಿಯಲ್ಲಿಟ್ಟಿರುತ್ತಾರೆ. ಅದನ್ನು ನೀವೇ ಮತ್ತೆ ಕೂರಿಸಿ, ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಜಗ್ಗಿ. ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಅಲುಗಿದರೆ ಸೀಟಿನ ಮೇಲೆ ಮೊಣಕಾಲೂರಿ ಪಟ್ಟಿಯನ್ನು ಇನ್ನೊಮ್ಮೆ ಬಿಗಿಯಿರಿ, ಮಗುವನ್ನು ಕೂರಿಸುವುದು ಅದಾದ ಮೇಲೆ.